ಒಡೆದ ಹಿಮ್ಮಡಿಗೆ ಯಾವುದು: ಜೊಜೊಬಾ, ಕೊಬ್ಬರಿ ಎಣ್ಣೆ, ಮುರುಗಲು ತುಪ್ಪ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಮುರುಗಲು ತುಪ್ಪಕ್ಕೆ, ಅಂದರೆ ಪುನರ್ಪುಳಿ (ಕೋಕಂ) ಬೀಜದ ಕೊಬ್ಬಿಗೆ. ಮೂರು ಚಳಿಗಾಲ ಮೂರನ್ನೂ ಹಚ್ಚಿ ನೋಡಿದ ಮೇಲೆ ಹೇಳುತ್ತಿರುವ ಮಾತು ಇದು.

ನಮ್ಮದು ಶಿವಮೊಗ್ಗ ಜಿಲ್ಲೆಯ ಸಾಗರ ಪೇಟೆಯ ಹತ್ತಿರದ ಹಳ್ಳಿ. ಅಡಿಕೆ ಕೊಯ್ಲು ಶುರುವಾಯಿತೆಂದರೆ ಹಗಲೆಲ್ಲ ತೋಟದ ಹಸಿಯಲ್ಲಿ ಓಡಾಟ, ರಾತ್ರಿ ಮೆಟ್ಟುಗತ್ತಿ ಮುಂದೆ ಕೂತು ಸುಲಿಯುವುದು. ಹಸಿ ಅಡಿಕೆಯ ಚೊಗರು, ಅಂದರೆ ಒಗರು ರಸ, ಹಿಡಿದು ಬೆರಳು ಕಪ್ಪಾಗುತ್ತದೆ, ಡಿಸೆಂಬರ್ ಚಳಿಗೆ ಹಿಮ್ಮಡಿ ಒಡೆಯುತ್ತದೆ. ಮೂರು ವರ್ಷದ ಹಿಂದೆ ನನ್ನ ಎಡಗಾಲಿನ ಬಿರುಕು ಎಷ್ಟಿತ್ತೆಂದರೆ, ನಿದ್ದೆಯಲ್ಲಿ ಮಗ್ಗುಲು ಬದಲಿಸಿದರೆ ಕಂಬಳಿಯ ಎಳೆ ಅದಕ್ಕೆ ಸಿಕ್ಕಿಕೊಂಡು ಚುಳ್ ಎಂದು ಎಚ್ಚರವಾಗುತ್ತಿತ್ತು.

ಆಗ ಮೊಬೈಲಿನಲ್ಲಿ ಹುಡುಕಿ ತರಿಸಿದ್ದು ಜೊಜೊಬಾ ಎಣ್ಣೆ. 50 ಮಿಲಿಗೆ 480 ರೂಪಾಯಿ. ಅಮೆರಿಕ, ಮೆಕ್ಸಿಕೋ ಕಡೆಯ ಮರುಭೂಮಿ ಗಿಡ ಅದು. ನಮ್ಮ ದೇಶದಲ್ಲಿ ರಾಜಸ್ಥಾನದಲ್ಲಿ ಬೆಳೆಯುತ್ತಾರೆ. ಎಣ್ಣೆ ಅಂತ ಕರೆದರೂ ಅದು ನೀರಾಗಿರುವ ಮೇಣ. ನಮ್ಮ ಚರ್ಮ ತಾನೇ ಸುರಿಸುವ ಜಿಡ್ಡಿನಲ್ಲೂ ಇಂಥದೇ ಮೇಣ ಇರುತ್ತದೆ. ಹಾಗಾಗಿ ಮುಖಕ್ಕೆ ಹಗುರ, ಅಂಟು ಅನಿಸುವುದಿಲ್ಲ. ಮುಖಕ್ಕೆ ನಿಜವಾಗಿಯೂ ಚೆನ್ನಾಗಿತ್ತು. ಆದರೆ ನಾನು ತರಿಸಿದ್ದು ಹಿಮ್ಮಡಿಗೆ ಅಲ್ವಾ? ಎರಡೂ ಕಾಲಿಗೆ ದಿನಾ ಹಚ್ಚಿದರೆ ಬಾಟಲಿ ಇಪ್ಪತ್ತು ದಿನ ಬರಲಿಲ್ಲ. ಬಿರುಕು ಹಾಗೇ ಇತ್ತು. ಅಷ್ಟು ದುಡ್ಡು ಕೊಟ್ಟಿದ್ದಕ್ಕೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಕೊಬ್ಬರಿ ಎಣ್ಣೆ ಮನೆಯಲ್ಲೇ ಇರುತ್ತದೆ, ಖರ್ಚಿಲ್ಲ. ಸುಲಿಯಲು ಕೂರುವ ಮುಂಚೆ ಕೈಗೆ ತಿಕ್ಕಿಕೊಂಡರೆ ಚೊಗರು ಕಮ್ಮಿ ಹಿಡಿಯುತ್ತದೆ, ಆ ಕೆಲಸಕ್ಕೆ ಇದೇ ಬೇಕು. ಮುಖಕ್ಕೆ ಬೇಡ, ನನ್ನ ಮಗಳಿಗೆ ಮೊಡವೆ ಜಾಸ್ತಿಯಾಯಿತು. ಹಿಮ್ಮಡಿಗೆ ಹಚ್ಚಿದರೆ ಮೈ ಬಿಸಿಗೆ ನೀರಾಗಿ ಅರ್ಧ ಹಾಸಿಗೆಗೆ ಹೋಗುತ್ತದೆ. ಬೆಳಗ್ಗೆ ಎದ್ದು ಮುಟ್ಟಿದರೆ ಕಾಲು ಮತ್ತೆ ಒಣ ಒಣ.

ಇನ್ನು ಮುರುಗಲು. ಶರಬತ್ತು, ಸಾರಿಗೆ ಸಿಪ್ಪೆ ಬಳಸುತ್ತೇವಲ್ಲ, ಅದೇ ಹಣ್ಣಿನ ಬೀಜದ ಕೊಬ್ಬು ಇದು. ಬೀಜ ಒಣಗಿಸಿ, ಕುಟ್ಟಿ, ನೀರಲ್ಲಿ ಕುದಿಸಿದರೆ ಮೇಲೆ ತೇಲುತ್ತದೆ. ತೆಗೆದು ಆರಿಸಿದರೆ ಗಟ್ಟಿ. ಸಂತೆಯಲ್ಲಿ ಕಾಲು ಕೆಜಿ ಮುದ್ದೆಗೆ 150 ರೂಪಾಯಿ ಕೊಟ್ಟೆ. ಉಪ್ಪಾಗೆ ಅನ್ನುವ ಇನ್ನೊಂದು ಹಣ್ಣಿನ ಬೀಜದ ತುಪ್ಪ ಬೇರೆ, ಅದು ಹಳದಿ. ಮುರುಗಲಿನದು ಬಿಳಿಚು ಬಣ್ಣ. ಕೇಳಿ ತೆಗೆದುಕೊಳ್ಳಿ.

ಇದರಲ್ಲಿ ಒಂದೇ ಒಂದು ತೊಂದರೆ, ಆದರೆ ದೊಡ್ಡ ತೊಂದರೆ. ಕಲ್ಲಿನಂತೆ ಗಟ್ಟಿ. ಮೊದಲ ದಿನ ಉಗುರಲ್ಲಿ ಕೆರೆದೆ, ಉಗುರಿನ ಸಂದಿಗೆ ನಾಲ್ಕು ಪುಡಿ ಬಂತು ಅಷ್ಟೇ. ಚಾಕುವಿನಲ್ಲಿ ಒತ್ತಿದರೆ ಚೂರು ಹಾರಿ ಎಲ್ಲೋ ಬೀಳುತ್ತದೆ. ಅಂಗೈಯಲ್ಲಿ ಇಟ್ಟು ಎಷ್ಟು ಉಜ್ಜಿದರೂ ಸರಿಯಾಗಿ ಕರಗಲಿಲ್ಲ. ಅದು ಕರಗುವುದು ಸುಮಾರು 40 ಡಿಗ್ರಿಗೆ, ಚಳಿಯಲ್ಲಿ ಅಂಗೈಗೆ ಅಷ್ಟು ಬಿಸಿ ಎಲ್ಲಿಂದ ಬರಬೇಕು? ಸೌಟಿನಲ್ಲಿ ಹಾಕಿ ಗ್ಯಾಸ್ ಮೇಲೆ ಹಿಡಿದರೆ ಹೊಗೆಯಾಡಿತು. ಆರಲಿ ಅಂತ ಇಟ್ಟು ಹಾಲು ಇಳಿಸಿ ಬರುವಷ್ಟರಲ್ಲಿ ಮತ್ತೆ ಕಲ್ಲು. ಒಂದು ವಾರ ಹೀಗೇ ಒದ್ದಾಡಿ ಅಟ್ಟದ ಮೇಲೆ ಇಟ್ಟುಬಿಟ್ಟೆ.

ಆಮೇಲೆ ಸುಲಿಯಲು ಬಂದಿದ್ದ ಹೆಂಗಸೊಬ್ಬರು ನನ್ನ ಕಾಲು ನೋಡಿ, 'ಬಚ್ಚಲ ಒಲೆ ಕಟ್ಟೆ ಮೇಲೆ ಇಡಿ, ಸುಮ್ನೆ ಯಾಕೆ ಕೆರೀತೀರಿ' ಅಂದರು. ಹಂಡೆ ಕಾಯುವ ಹೊತ್ತಿಗೆ ಸ್ಟೀಲ್ ಬಟ್ಟಲಲ್ಲಿ ಎರಡು ಚೂರು ಹಾಕಿ ಕಟ್ಟೆ ಮೇಲೆ ಇಟ್ಟೆ. ಸ್ನಾನ ಮುಗಿಯುವಷ್ಟರಲ್ಲಿ ತಿಳಿ ಎಣ್ಣೆ. ಕಾಲು ಪೂರ್ತಿ ಒರೆಸದೆ, ಸ್ವಲ್ಪ ಹಸಿ ಇರುವಾಗಲೇ ಬಿರುಕಿನೊಳಗೆ ಹೋಗುವ ಹಾಗೆ ಒತ್ತಿ ಹಚ್ಚಬೇಕು. ಯಾವ ಎಣ್ಣೆಯೂ ಚರ್ಮಕ್ಕೆ ನೀರು ಕೊಡುವುದಿಲ್ಲ, ಇರುವ ನೀರು ಆರದಂತೆ ತಡೆಯುತ್ತದೆ ಅಷ್ಟೇ. ಹಚ್ಚಿ ಒಂದೆರಡು ನಿಮಿಷಕ್ಕೆ ಬಿರುಕಿನಲ್ಲೇ ಬೆಳ್ಳಗೆ ಹೆಪ್ಪುಗಟ್ಟುವುದು ಕಣ್ಣಿಗೇ ಕಾಣುತ್ತದೆ. ನನ್ನನ್ನು ಒಂದು ವಾರ ಕಾಡಿದ ಗಟ್ಟಿತನವೇ ಇಲ್ಲಿ ಕೆಲಸಕ್ಕೆ ಬಂತು. ಕೊಬ್ಬರಿ ಎಣ್ಣೆಯ ಹಾಗೆ ಹರಿದು ಹೋಗದೆ ಬೆಳಗಿನವರೆಗೂ ಅಲ್ಲೇ ಕೂತಿರುತ್ತದೆ. ಮೇಲೆ ಕಾಲುಚೀಲ ಹಾಕಲೇಬೇಕು, ಇಲ್ಲದಿದ್ದರೆ ಗಾರೆ ನೆಲದಲ್ಲಿ ಜಾರುತ್ತೀರಿ. ಹನ್ನೆರಡನೇ ದಿನಕ್ಕೆ ಕಂಬಳಿ ಸಿಕ್ಕುವುದು ನಿಂತಿತು.

ಬಚ್ಚಲ ಒಲೆ ಇಲ್ಲದವರು, ಶಿವಮೊಗ್ಗದಲ್ಲಿ ಗೀಸರ್ ಇಟ್ಟುಕೊಂಡವರು, ಬಿಸಿನೀರಿನ ಪಾತ್ರೆಯಲ್ಲಿ ಬಟ್ಟಲಿಟ್ಟು ಕರಗಿಸಿ, ಸಮಪಾಲು ಎಳ್ಳೆಣ್ಣೆ ಸೇರಿಸಿ ಅಗಲ ಬಾಯಿಯ ಡಬ್ಬಿಗೆ ಹಾಕಿಡಿ. ಮುಲಾಮಿನ ಹಾಗೆ ಬೆರಳಿಗೆ ಬರುತ್ತದೆ. ನಾನು ಮೊದಲು ಕೊಬ್ಬರಿ ಎಣ್ಣೆ ಸೇರಿಸಿ ಕೆಟ್ಟೆ. 24 ಡಿಗ್ರಿ ಕೆಳಗೆ ಹೋದರೆ ಅದೂ ಹೆಪ್ಪುಗಟ್ಟುತ್ತದಲ್ಲ, ಡಬ್ಬಿ ಪೂರ್ತಿ ಕಲ್ಲಾಯಿತು. ಎಳ್ಳೆಣ್ಣೆಗೆ ನಮ್ಮ ಚಳಿ ಲೆಕ್ಕಕ್ಕಿಲ್ಲ.

ಬಿರುಕಿನಲ್ಲಿ ರಕ್ತ ಬರುತ್ತಿದ್ದರೆ, ಸಕ್ಕರೆ ಕಾಯಿಲೆ ಇದ್ದರೆ ಇದ್ಯಾವುದೂ ಬೇಡ, ಮೊದಲು ಡಾಕ್ಟರಿಗೆ ತೋರಿಸಿ. ನಮ್ಮ ಅಪ್ಪನ ಕಾಲಿಗೆ ನಾನೂ ಹಚ್ಚಿಲ್ಲ.

ಮುಖಕ್ಕೆ ಮಾತ್ರ ಬೇಕು, ದುಡ್ಡಿಗೆ ತೊಂದರೆ ಇಲ್ಲ ಅನ್ನುವವರು ಜೊಜೊಬಾ ತೆಗೆದುಕೊಳ್ಳಬಹುದು. ನನ್ನ ಹಾಗೆ ತೋಟಕ್ಕೆ ಇಳಿಯುವವರಿಗೆ ಕಾಲು ಕೆಜಿ ಮುರುಗಲು ಚಳಿಗಾಲ ಪೂರ್ತಿ ಸಾಕು, ಇಬ್ಬರಿಗೆ. ನನ್ನ ಮುದ್ದೆ ಈಗ ನಿಂಬೆಹಣ್ಣಿನಷ್ಟು ಉಳಿದಿದೆ. ಏಪ್ರಿಲ್, ಮೇನಲ್ಲಿ ಹಣ್ಣಾಗುತ್ತದೆ. ಸಿಪ್ಪೆ ಒಣಗಿಸುವ ಎರಡು ಮನೆಗಳಿಗೆ ಬೀಜ ಎಸೆಯಬೇಡಿ ಅಂತ ಈಗಲೇ ಹೇಳಿಟ್ಟಿದ್ದೇನೆ.