ಫಾರ್ಮಾಲಿನ್ ಗುರುತು: ಕೆನ್ನೆಯ ಕೋಶವೋ, ರಕ್ತವೋ?

ಹೆಣ ಕೆಡದಂತೆ ಇಡುವ ಫಾರ್ಮಾಲಿನ್ (ನೀರಲ್ಲಿ ಕರಗಿಸಿದ ಫಾರ್ಮಾಲ್ಡಿಹೈಡ್) ಡಿಎನ್‌ಎಗೆ ಮಾಡುವ ಹಾನಿಯನ್ನು ಕೆನ್ನೆಯ ಕೋಶದಲ್ಲಿ ಹುಡುಕುವುದೋ, ರಕ್ತದಲ್ಲೋ? ಬೆಳಗಾವಿಯಲ್ಲಿ ಅನಾಟಮಿ ಹಾಲ್ ಸಿಬ್ಬಂದಿಯ ಮೇಲೆ ಪ್ರಾಜೆಕ್ಟ್ ಮಾಡುವವರು ಮೊದಲು ಇದನ್ನು ಇತ್ಯರ್ಥ ಮಾಡಿಕೊಳ್ಳಬೇಕು.

ಕೆನ್ನೆಯದು ಅಗ್ಗ. ಬಾಯಿ ಮುಕ್ಕಳಿಸಿದ ಮೇಲೆ ಒಳಗೆನ್ನೆಯನ್ನು ಮರದ ಕಡ್ಡಿಯಿಂದ ಮೆಲ್ಲಗೆ ಕೆರೆದು, ಸ್ಲೈಡಿಗೆ ಸವರಿ, ಡಿಎನ್‌ಎಗೆ ಹತ್ತುವ ಫಾಯಲ್ಗನ್ ಬಣ್ಣ ಹಾಕಿ. ನ್ಯೂಕ್ಲಿಯಸ್ ಪಕ್ಕ ಅದೇ ಬಣ್ಣದ ಪುಟ್ಟ ಗುಂಡನೆ ಚುಕ್ಕಿ ಕಂಡರೆ ಅದೇ ಮೈಕ್ರೋನ್ಯೂಕ್ಲಿಯಸ್, ಡಿಎನ್‌ಎ ಹಾನಿಯ ಗುರುತು. ಒಬ್ಬೊಬ್ಬರದು 2000 ಕೋಶ ಎಣಿಸಿದರೆ ಒಳ್ಳೆಯದು. ಕತ್ತು ನೋವು ಗ್ಯಾರಂಟಿ! ತೊಡಕು ಬೇರೆಯೇ ಇದೆ: ಗುಟ್ಕಾ, ತಂಬಾಕು ತಿನ್ನುವವರಲ್ಲೂ ಈ ಚುಕ್ಕಿ ಜಾಸ್ತಿ. ನಮ್ಮ ಕಡೆ ಅದನ್ನು ಕೇಳದೆ ಸ್ಯಾಂಪಲ್ ತೆಗೆದರೆ ಸುಮ್ನೆ ದಂಡ.

ಫಾರ್ಮಾಲ್ಡಿಹೈಡ್ ಡಿಎನ್‌ಎಗೆ ಪ್ರೋಟೀನನ್ನು ಅಂಟಿಸಿಬಿಡುತ್ತದೆ; ರಕ್ತದ ಬಿಳಿಕಣದಲ್ಲಿ ಈ ಅಂಟು ಅಳೆಯುವುದು ಅದರ ಕೆಲಸಕ್ಕೆ ಹೆಚ್ಚು ಹತ್ತಿರ. ಆದರೆ ನಮ್ಮ ದೇಹವೂ ಫಾರ್ಮಾಲ್ಡಿಹೈಡ್ ತಯಾರಿಸುತ್ತದೆ, ಹಾಗಾಗಿ ಯಾವುದು ಹೊರಗಿನದು ಎಂದು ಹೇಳುವುದು ಕಷ್ಟ. ಉಸಿರಲ್ಲಿ ಬಂದದ್ದು ಬಹುಪಾಲು ಮೂಗಿನಲ್ಲೇ ನಿಲ್ಲುತ್ತದೆ, ರಕ್ತದವರೆಗೆ ಹೋಗುವುದು ಕಡಿಮೆ. ಖರ್ಚೂ ಜಾಸ್ತಿ.

ಕೈಯಲ್ಲಿ ಒಳ್ಳೆ ಮೈಕ್ರೋಸ್ಕೋಪ್ ಮಾತ್ರ ಇದ್ದರೆ ನನ್ನ ಓಟು ಕೆನ್ನೆಗೇ. ಎರಡಕ್ಕೂ ಹೋಲಿಸಿ ನೋಡಲು ಫಾರ್ಮಾಲಿನ್ ಮುಟ್ಟದವರ ಗುಂಪು ಬೇಕೇ ಬೇಕು.