ಬಂದು ಹೋಗುವ ಎಂಜಿನ್ ಲೈಟ್: ಸರ್ವಿಸ್ ಸೆಂಟರ್, ಗ್ಯಾರೇಜ್, ಡಾಂಗಲ್, ಕೈ ಸ್ಕ್ಯಾನರ್

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಕಾರಿನ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡ್ ಓದುವ, ವೈರ್ ಇರುವ ಚಿಕ್ಕ ಕೈ ಸ್ಕ್ಯಾನರ್‌ಗೆ. 1,800 ರೂಪಾಯಿ ಕೊಟ್ಟು ಆನ್‌ಲೈನ್‌ನಲ್ಲಿ ತರಿಸಿದ್ದು. ಅದಕ್ಕೆ ಮುಂಚೆ ಉಳಿದ ಮೂರೂ ದಾರಿ ನೋಡಿ ಆಗಿತ್ತು.

ಕಾರು 2016ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. ತುಮಕೂರಿನ ಒಳಗೆ ಓಡಾಡಿದರೆ ಏನೂ ತೊಂದರೆ ಇಲ್ಲ. ಬಿ.ಎಚ್. ರಸ್ತೆಯ ಟ್ರಾಫಿಕ್‌ನಲ್ಲೂ ಸುಮ್ಮನಿರುತ್ತೆ. ದೇವರಾಯನದುರ್ಗದ ಏರು ಹತ್ತುವಾಗ ಮಾತ್ರ ಗಾಡಿ ಜಗ್ಗುತ್ತೆ, ಎಂಜಿನ್ ಲೈಟ್ ಮಿಣಮಿಣ ಅನ್ನುತ್ತೆ, ಆಮೇಲೆ ಉರಿದುಕೊಂಡೇ ಇರುತ್ತೆ. ಕೆಲವು ದಿನ ಆದಮೇಲೆ ತಾನಾಗೇ ಆರಿಹೋಗುತ್ತೆ. ತೋರಿಸೋಣ ಅಂತ ಹೋದ ದಿನವೇ ಲೈಟ್ ಇರಲ್ಲ, ಅದು ಬೇರೆ.

ಸರ್ವಿಸ್ ಸೆಂಟರ್‌ನಲ್ಲಿ ಇರುವ ಯಂತ್ರ ಎಲ್ಲಕ್ಕಿಂತ ಒಳ್ಳೆಯದು, ಅದರಲ್ಲಿ ಅನುಮಾನ ಇಲ್ಲ. ತಲೆನೋವು ಇರುವುದು ಅವರ ಪದ್ಧತಿಯಲ್ಲಿ. ಸ್ಕ್ಯಾನರ್ ಹಾಕು, ಕೋಡ್ ಅಳಿಸು, ಸಮತಟ್ಟಾದ ರಸ್ತೆಯಲ್ಲಿ ಒಂದು ರೌಂಡ್ ಹೊಡಿ, 'ಈಗ ಬರ್ತಿಲ್ಲ ಸರ್' ಅನ್ನು. ಜಾಬ್ ಕಾರ್ಡ್‌ನಲ್ಲಿ 'ಸ್ಕ್ಯಾನ್ ಮಾಡಿ ಕ್ಲಿಯರ್ ಮಾಡಲಾಗಿದೆ' ಅಂತ ಒಂದೇ ಸಾಲು. ಯಾವ ಕೋಡ್ ಇತ್ತು ಅಂತ ಕೇಳಿದರೆ, 'ಅದು ಹಳೇದು ಸರ್, ಹಿಸ್ಟರಿ' ಅನ್ನುತ್ತಾರೆ. ಅಯ್ಯಾ, ನನಗೆ ಬೇಕಾಗಿದ್ದೇ ಆ ಹಿಸ್ಟರಿ!

ಇದು ಯಾಕೆ ಇಷ್ಟು ಉರಿಸುತ್ತೆ ಅಂದರೆ, ಲೈಟ್ ಆರಿದ ಮಾತ್ರಕ್ಕೆ ಕೋಡ್ ಹೋಗಲ್ಲ. ಸತತ ಮೂರು ಓಟದಲ್ಲಿ ದೋಷ ಮತ್ತೆ ಕಾಣದಿದ್ದರೆ ಸಾಮಾನ್ಯವಾಗಿ ಲೈಟ್ ಆರುತ್ತೆ. ಕೋಡ್ ಮಾತ್ರ ಒಳಗೇ ಕೂತಿರುತ್ತೆ. ಎಂಜಿನ್ ತಣ್ಣಗಿದ್ದು ಬಿಸಿಯಾಗುವ ಸುತ್ತು ಸುಮಾರು 40 ಆಗುವವರೆಗೂ ಅದು ಅಳಿಯಲ್ಲ. ಅದರ ಜೊತೆ ಫ್ರೀಜ್ ಫ್ರೇಮ್ ಅಂತ ಒಂದು ದಾಖಲೆಯೂ ಇರುತ್ತೆ: ದೋಷ ಬಂದ ಆ ಗಳಿಗೆಯಲ್ಲಿ ವೇಗ ಎಷ್ಟು, ಆರ್‌ಪಿಎಂ ಎಷ್ಟು, ಎಂಜಿನ್ ಮೇಲೆ ಹೊರೆ ಎಷ್ಟು, ಕೂಲೆಂಟ್ ಎಷ್ಟು ಬಿಸಿ. ಬಂದು ಹೋಗುವ ದೋಷಕ್ಕೆ ಇರುವ ಒಂದೇ ಸಾಕ್ಷಿ ಅದು. ಕ್ಲಿಯರ್ ಒತ್ತಿದರೆ ಕೋಡ್, ಫ್ರೀಜ್ ಫ್ರೇಮ್ ಎರಡೂ ಮಾಯ. ಬ್ಯಾಟರಿ ಟರ್ಮಿನಲ್ ಬಿಚ್ಚಿ ಹಾಕಿದರೂ ಬಹಳಷ್ಟು ಕಾರುಗಳಲ್ಲಿ ಇದೇ ಗತಿ.

ಕೊನೇ ಸಲ ಸರ್ವಿಸ್ ಸೆಂಟರ್‌ನಿಂದ ವಾಪಸ್ ಬರುವಷ್ಟರಲ್ಲಿ ಕೈ ಸ್ಕ್ಯಾನರ್ ಮನೆಗೆ ಬಂದಿತ್ತು. 'ಏನೂ ಕೋಡ್ ಇರಲಿಲ್ಲ, ಏನೂ ಮುಟ್ಟಿಲ್ಲ' ಅಂದಿದ್ದರು. ಸ್ಕ್ಯಾನರ್ ಹಾಕಿ ನೋಡಿದರೆ, ಕೋಡ್ ಅಳಿಸಿದ ಮೇಲೆ ಓಡಿದ ದೂರ 9 ಕಿಲೋಮೀಟರ್. ಅಲ್ಲಿಂದ ನಮ್ಮ ಮನೆಗೆ ಅಷ್ಟೇ ದೂರ!

ಗ್ಯಾರೇಜ್ ಅಣ್ಣನ ಕಿವಿ ಚುರುಕು. ಜೊತೆಗೆ ಕೂತು ಬಂದು, ಏರಿನಲ್ಲಿ ಜಗ್ಗಿದ ತಕ್ಷಣ 'ಮಿಸ್ಸಿಂಗ್ ಹೊಡೀತಿದೆ' ಅಂದರು, ಅಂದರೆ ಯಾವುದೋ ಸಿಲಿಂಡರ್‌ನಲ್ಲಿ ಪೆಟ್ರೋಲ್ ಸರಿಯಾಗಿ ಉರೀತಿಲ್ಲ. ಸರಿಯಾಗೇ ಹೇಳಿದ್ದು. ಆದರೆ ಯಾವ ಸಿಲಿಂಡರ್ ಅಂತ ಕಿವಿಗೆ ಗೊತ್ತಾಗಲ್ಲ, ಅಲ್ವಾ? ನಾಲ್ಕೂ ಸ್ಪಾರ್ಕ್ ಪ್ಲಗ್ ಹೊಸದು ಹಾಕಿಸಿದೆ. ಏರಿನಲ್ಲಿ ಮತ್ತೆ ಅದೇ ಕಥೆ.

ಕಾರಿನ ಪೋರ್ಟ್‌ಗೆ ಸಿಕ್ಕಿಸಿ ಫೋನಿನಲ್ಲಿ ಕೋಡ್ ಓದುವ ಬ್ಲೂಟೂತ್ ಡಾಂಗಲ್ 400 ರೂಪಾಯಿಯದು. ಫೋನ್ ಡಾಂಗಲ್ ಜೊತೆ ಮಾತಾಡುತ್ತೆ, ಡಾಂಗಲ್ ಕಾರಿನ ಜೊತೆ ಮಾತಾಡಲ್ಲ. ಇಂಥ ಡಾಂಗಲ್‌ಗಳ ಇಎಲ್‌ಎಂ327 ಚಿಪ್‌ನ ಅಗ್ಗದ ನಕಲುಗಳಲ್ಲಿ ಇದು ಮಾಮೂಲಿ, ಎಲ್ಲಾ ಕಾರಿನ ಪ್ರೊಟೊಕಾಲ್ (ಮಾತಾಡುವ ಭಾಷೆ) ಅವಕ್ಕೆ ಬರಲ್ಲ. ಐಫೋನ್ ಇರುವವರು ಮಾಮೂಲಿ ಬ್ಲೂಟೂತಿನದು ತಗೋಬೇಡಿ, ಬಿಎಲ್‌ಇ (ಕಡಿಮೆ ಕರೆಂಟ್‌ನ ಬ್ಲೂಟೂತ್) ಅಥವಾ ವೈಫೈ ಇರುವುದೇ ಬೇಕು. ಪೋರ್ಟ್‌ನಲ್ಲೇ ಬಿಟ್ಟರೆ ಕಾರು ನಿಂತಿದ್ದಾಗಲೂ ಕರೆಂಟ್ ಎಳೆಯುತ್ತೆ. ಒಳ್ಳೆ ಕಂಪನಿಯದು ಸಿಕ್ಕರೆ ಗ್ರಾಫ್ ನೋಡುವುದಕ್ಕೆ ಚೆನ್ನಾಗಿರುತ್ತೆ, ಆದರೆ ಆ ಬೆಲೆಗೆ ಕೈ ಸ್ಕ್ಯಾನರೇ ಬರುತ್ತೆ.

ಕೈ ಸ್ಕ್ಯಾನರ್‌ನ ಸ್ಕ್ರೀನ್ ಮಂಕು. ಬಿಸಿಲಲ್ಲಿ ಕೈ ಅಡ್ಡ ಹಿಡಿದು ಓದಬೇಕು. ಅದು ಬಿಟ್ಟರೆ ತಕರಾರಿಲ್ಲ. ಸ್ಟೀರಿಂಗ್ ಕೆಳಗಿನ 16 ಪಿನ್ ಪೋರ್ಟ್‌ಗೆ ಸಿಕ್ಕಿಸಿದರೆ ಅಲ್ಲಿಂದಲೇ ಕರೆಂಟ್. ಆ್ಯಪ್ ಇಲ್ಲ, ಪಾಸ್‌ವರ್ಡ್ ಇಲ್ಲ. ಮುಂದಿನ ಸಲ ಲೈಟ್ ಬಂದಾಗ ಬೆಟ್ಟದ ಮೇಲೆ ಗಾಡಿ ನಿಲ್ಲಿಸಿ ನೋಡಿದೆ: ಪಿ0303, ವೇಗ 27, ಆರ್‌ಪಿಎಂ 2,100, ಹೊರೆ 86%, ಕೂಲೆಂಟ್ 93 ಡಿಗ್ರಿ. ಅಂದರೆ ಮೂರನೇ ಸಿಲಿಂಡರ್ ಮಿಸ್ಸಿಂಗ್, ಅದೂ ಬಿಸಿ ಎಂಜಿನ್, ಜಾಸ್ತಿ ಹೊರೆ ಇದ್ದಾಗ. ಪ್ಲಗ್ ಹೊಸದು, ಹಾಗಾಗಿ ಮೊದಲ ಅನುಮಾನ ಪ್ಲಗ್‌ಗೆ ಕಿಡಿಯ ಕರೆಂಟ್ ಕೊಡುವ ಕಾಯಿಲ್ ಮೇಲೆ.

ಪಾರ್ಟ್ ತರುವ ಮೊದಲು ಅಣ್ಣ ಮೂರನೇ ಕಾಯಿಲ್ ಬಿಚ್ಚಿ ಎರಡಕ್ಕೆ, ಎರಡರದು ಮೂರಕ್ಕೆ ಹಾಕಿದರು. ಮತ್ತೆ ಬೆಟ್ಟ ಹತ್ತಿಸಿದೆ. ಈ ಸಲ ಪಿ0302. ಕಾಯಿಲ್ ಹೋದ ಕಡೆ ದೋಷವೂ ಹೋಯಿತು. ಒಂದೇ ಕಾಯಿಲ್ ಬದಲಾಯಿಸಿದ್ದು, ಆಮೇಲೆ ಬೆಟ್ಟದಲ್ಲಿ ಲೈಟ್ ಬಂದಿಲ್ಲ.

ಒಂದು ಎಚ್ಚರಿಕೆ: ಲೈಟ್ ಮಿಣುಕುತ್ತಿದ್ದರೆ ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆಯಿರಿ, ನಿಲ್ಲಿಸಲು ಜಾಗ ಇದ್ದರೆ ನಿಲ್ಲಿಸಿ. ಉರಿಯದ ಪೆಟ್ರೋಲ್ ಸೈಲೆನ್ಸರ್ ದಾರಿಯಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅದನ್ನು ಸುಟ್ಟುಬಿಡುತ್ತೆ. ಅದರ ಬೆಲೆ ಮುಂದೆ ಕಾಯಿಲ್ ಲೆಕ್ಕಕ್ಕೇ ಇಲ್ಲ.

ವಾರಂಟಿ ಇರುವ ಕಾರಾದರೆ ಸರ್ವಿಸ್ ಸೆಂಟರ್‌ಗೇ ಹೋಗಿ, ಆದರೆ ಕೋಡ್ ಮತ್ತು ಫ್ರೀಜ್ ಫ್ರೇಮ್ ಫೋಟೋ ತೆಗೆಯುವವರೆಗೂ ಕ್ಲಿಯರ್ ಒತ್ತಲು ಬಿಡಬೇಡಿ. ನನ್ನಂತೆ ಹಳೇ ಕಾರು, ನಂಬಿಕೆಯ ಮೆಕ್ಯಾನಿಕ್ ಇದ್ದರೆ ಕೈ ಸ್ಕ್ಯಾನರ್ ಸಾಕು. ಎಬಿಎಸ್, ಏರ್‌ಬ್ಯಾಗ್ ಲೈಟ್ ಬಂದರೆ ಮಾತ್ರ ನನ್ನ 1,800ರದ್ದು ಏನೂ ಓದಲ್ಲ. ಆಗ ದೊಡ್ಡ ಯಂತ್ರ ಇರುವ ಕಡೆಗೇ ಹೋಗಬೇಕು.