ಗ್ಯಾಸ್ ಅಲಾರಂ: ಮೂರು ವರ್ಷ ಬಳಸಿದ ಮೇಲೆ

2022ರ ದೀಪಾವಳಿ ಆಫರ್‌ನಲ್ಲಿ ಎರಡು ಸಾಮಾನು ತರಿಸಿದ್ದೆ. ಕಳ್ಳರ ಭಯಕ್ಕೆ ಹಿತ್ತಲ ಬಾಗಿಲಿಗೊಂದು ಮ್ಯಾಗ್ನೆಟ್ ಅಲಾರಂ, ಅಡುಗೆಮನೆಗೆ ₹1,450ರ ಗ್ಯಾಸ್ ಲೀಕ್ ಅಲಾರಂ. ಮೊದಲನೆಯದು ಸೆಲ್ ಮುಗಿದು ಡ್ರಾಯರ್ ಸೇರಿ ಯಾವ ಕಾಲವಾಯಿತೋ. ಎರಡನೆಯದು ಇನ್ನೂ ಗೋಡೆ ಮೇಲಿದೆ.

ತರಿಸಿದ್ದು ಅತ್ತೆಗೋಸ್ಕರ. 2021ರಲ್ಲಿ ಕೋವಿಡ್ ಬಂದುಹೋದ ಮೇಲೆ ಅವರಿಗೆ ವಾಸನೆ ಸರಿಯಾಗಿ ತಿಳಿಯುವುದಿಲ್ಲ. ಇಂಗು, ಮಲ್ಲಿಗೆ, ಸೀದ ಹಾಲು ಎಲ್ಲ ಒಂದೇ. ಗ್ಯಾಸ್‌ಗೆ ತನ್ನದೇ ವಾಸನೆ ಇಲ್ಲ. ಸೋರಿದರೆ ಗೊತ್ತಾಗಲಿ ಅಂತಲೇ ಮರ್ಕ್ಯಾಪ್ಟನ್ ಬೆರೆಸುತ್ತಾರೆ, ಆ ನಾತ ಅದರದ್ದು. ಮೂಗೇ ಕೈಕೊಟ್ಟವರಿಗೆ ಅದು ಇದ್ದೂ ಇಲ್ಲದ ಹಾಗೆ, ಅಲ್ವಾ? ನಾವಿಬ್ಬರೂ ಕೆಲಸಕ್ಕೆ ಹೋದಮೇಲೆ ಒಲೆ ಹಚ್ಚುವವರು ಅವರೇ.

ಹಾಕಲು ಬಂದ ಎಲೆಕ್ಟ್ರಿಷಿಯನ್ ಚಿಮಣಿ ಪಕ್ಕ, ಸಜ್ಜೆಯ ಕೆಳಗೆ ಸ್ಕ್ರೂ ಹೊಡೆದು ಹೋದ. ಅಲ್ಲಿಂದ ಶುರುವಾಯಿತು ಕೂಗಾಟ. ಒಗ್ಗರಣೆಗೆ ಒಣಮೆಣಸಿನಕಾಯಿ ಬಿದ್ದು ಹೊಗೆ ಎದ್ದರೆ ಸಾಕು, ಕೀ ಅನ್ನುತ್ತಿತ್ತು. ಮಗ ಕಾಲೇಜಿಗೆ ಹೊರಡುವಾಗ ಬಾಡಿ ಸ್ಪ್ರೇ ಹೊಡೆದುಕೊಂಡರೂ ಕೂಗು. ಒಂದು ದಿನ ಸಿಟ್ಟಿಗೆ ಆ ಸ್ಪ್ರೇ ಡಬ್ಬಿ ತಿರುಗಿಸಿ ಓದಿದೆ. ಬ್ಯೂಟೇನ್, ಪ್ರೊಪೇನ್! ಸಿಲಿಂಡರ್‌ನಲ್ಲಿ ಇರುವುದೂ ಅದೇ. ಪಾಪ, ಅಲಾರಂ ಸುಳ್ಳು ಹೇಳಿರಲಿಲ್ಲ. ಆದರೂ ಬೆಳಗ್ಗೆ ಎಂಟು ಗಂಟೆಗೆ ಯಾರಿಗೆ ಬೇಕು ಆ ಸತ್ಯ? "ಇದ್ರ ಬಾಯಿ ಮುಚ್ಸಮ್ಮ" ಅಂತ ಅತ್ತೆ ದೇವರ ಮನೆಯಿಂದಲೇ ಕೂಗುತ್ತಿದ್ದರು. ನಾನಿಲ್ಲದಾಗ ಅವರೇ ಎದ್ದುಬಂದು ಸ್ವಿಚ್ ಆರಿಸಿಬಿಡುತ್ತಿದ್ದರು.

ಹೀಗೇ ಒಂದೂವರೆ ವರ್ಷ. ಆಮೇಲೊಂದು ದಿನ ಸಿಲಿಂಡರ್ ತಂದ ಹುಡುಗ, "ಅಕ್ಕ, ವಾಸ್ನೆ ಬರ್ತಿದೆ" ಅಂದ. ಪೈಪಿಗೆ ಸೋಪು ನೀರು ಸವರಿದ. ರೆಗ್ಯುಲೇಟರ್ ಹತ್ತಿರ ಗುಳ್ಳೆ ಎದ್ದವು. ಪೈಪಿನ ಮೇಲೆ ಅಚ್ಚಾಗಿದ್ದ ಐದು ವರ್ಷದ ವಾಯಿದೆಯೂ ಮುಗಿದಿತ್ತು. ಅದು ನಮ್ಮದೇ ತಪ್ಪು. ಆದರೆ ಮೆಣಸಿನಕಾಯಿಗೆ ಮನೆ ಎತ್ತಿ ಇಡುವ ಅಲಾರಂ ಆಗ ತೆಪ್ಪಗೆ ಹಸಿರು ದೀಪ ಹೊತ್ತಿಸಿಕೊಂಡು ಕೂತಿತ್ತು. ಹುಡುಗ ತಲೆ ಎತ್ತಿ ನೋಡಿದ. "ಅಷ್ಟೆತ್ತರ ಯಾಕಿಟ್ಟಿದ್ದೀರ? ಗ್ಯಾಸ್ ನೆಲ ಹಿಡಿದು ಹೋಗುತ್ತೆ."

ಸಿಲಿಂಡರ್ ಗ್ಯಾಸ್ ಗಾಳಿಗಿಂತ ಭಾರ. ಅಲಾರಂ ಇರಬೇಕಾದ್ದು ನೆಲದಿಂದ ಒಂದು ಅಡಿ ಮೇಲೆ. ಜೊತೆಗೆ ಬಂದ ಚೀಟಿಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಅದು ಇತ್ತು. ಎಲೆಕ್ಟ್ರಿಷಿಯನ್ ಓದಲಿಲ್ಲ, ನಾನೂ ಓದಲಿಲ್ಲ. ಒಂದೂವರೆ ವರ್ಷ ನಾವು ಸುಮ್ನೆ ಧೈರ್ಯವಾಗಿದ್ದೆವು. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಕೆಳಗಿಳಿಸಿದ ಮೇಲೆ ಒಗ್ಗರಣೆ ಗಲಾಟೆ ಬಹುಮಟ್ಟಿಗೆ ನಿಂತಿದೆ. ತಿಂಗಳ ಮೊದಲ ಭಾನುವಾರ ನನ್ನದೊಂದು ಪರೀಕ್ಷೆ: ಒಲೆ, ದೀಪ ಎಲ್ಲ ಆರಿಸಿ, ಸಿಗರೇಟ್ ಲೈಟರ್‌ನಿಂದ ಕಿಡಿ ಹಾರದ ಹಾಗೆ ಗ್ಯಾಸ್ ಮಾತ್ರ ಅದರ ಮುಂದೆ ಬಿಡುತ್ತೇನೆ. ನಮ್ಮಲ್ಲಿ ಯಾರೂ ಸೇದುವುದಿಲ್ಲ. ಲೈಟರ್ ಕೇಳಿದ ದಿನ ಅಂಗಡಿಯವನು ನನ್ನನ್ನು ಕೆಳಗಿಂದ ಮೇಲಿನವರೆಗೆ ನೋಡಿದ್ದ. ಅತ್ತೆ ಎರಡೂ ಕಿವಿಗೆ ಬೆರಳಿಟ್ಟು ಕಾಯುತ್ತಾರೆ. ಅದು ಕೂಗಿದ ಮೇಲೆ, "ಹ್ಞಾಂ, ಬದುಕಿದೆ" ಅಂತ ಕಾಫಿಗೆ ನೀರಿಡುತ್ತಾರೆ.

ಕೊರತೆ ಇದೆ. ಬ್ಯಾಟರಿ ಇಲ್ಲ, ಕರೆಂಟ್ ಹೋದರೆ ಇದೂ ಸತ್ತ ಹಾಗೆ. ಬಂದಮೇಲೂ ಬಿಸಿಯಾಗಲು ಕೆಲವು ನಿಮಿಷ ಬೇಕು. ಅದಕ್ಕಿಂತ ಜಾಸ್ತಿ ಕೋಪ ಬರುವುದು ಸದ್ದು ನಿಲ್ಲಿಸುವ ಬಟನ್ ಇಲ್ಲವಲ್ಲ ಅಂತ. ಬಟನ್ ಇಲ್ಲದಿದ್ದರೆ ಜನ ಸ್ವಿಚ್ಚಿಗೇ ಕೈ ಹಾಕುತ್ತಾರೆ, ಅತ್ತೆ ಮಾಡಿದ ಹಾಗೆ. ನಿಜವಾಗಿ ಗ್ಯಾಸ್ ತುಂಬಿದ್ದರೆ ಆ ಸ್ವಿಚ್ಚಿನ ಒಂದು ಕಿಡಿ ಸಾಕು. ಈಗ ಅವರಿಗೆ ಬಾಯಿಪಾಠ: ಸ್ವಿಚ್ ಮುಟ್ಟಬಾರದು, ಎಕ್ಸಾಸ್ಟ್ ಫ್ಯಾನೂ ಹಾಕಬಾರದು, ರೆಗ್ಯುಲೇಟರ್ ಮುಚ್ಚಿ, ಕಿಟಕಿ ತೆಗೆದು, ಹೊರಗೆ ಬಂದು ಗ್ಯಾಸ್ ಸೋರಿಕೆಯ ಸಹಾಯವಾಣಿ 1906ಕ್ಕೆ ಫೋನ್. ನಂಬರ್ ಫ್ರಿಜ್ ಮೇಲೆ ದೊಡ್ಡದಾಗಿ ಬರೆದಿದೆ.

ಸುಮಾರು ಒಂದೂವರೆ ಸಿಲಿಂಡರ್ ದುಡ್ಡಿಗೆ ಬಂದದ್ದು. ಮತ್ತೆ ಕೊಳ್ಳುವುದಾದರೆ ಇನ್ನೈನೂರು ಹಾಕಿ ಬಟನ್, ಬ್ಯಾಟರಿ ಇರುವುದನ್ನೇ ತರುತ್ತೇನೆ. ಅಷ್ಟರಲ್ಲಿ ನಮ್ಮ ಬೀದಿಯಲ್ಲಿ ಪೈಪ್ ಗ್ಯಾಸ್‌ಗೆ ಗುಂಡಿ ಅಗೆಯುತ್ತಿದ್ದಾರೆ. ಅದು ಗಾಳಿಗಿಂತ ಹಗುರ, ಮೇಲಕ್ಕೆ ಏರುತ್ತದೆ. ಸಜ್ಜೆಯ ಕೆಳಗಿನ ಹಳೇ ಸ್ಕ್ರೂ ತೂತುಗಳಿಗೆ ಪುಟ್ಟಿ ಹಾಕಬೇಡಿ ಅಂತ ಪೇಂಟರ್‌ಗೆ ಹೇಳಿಟ್ಟಿದ್ದೇನೆ.